ಎಣಿಸದೆ ತಿಳಿಯುವುದು ಎಷ್ಟರವರೆಗೆ?

ಕೇಳುಗರಿಗೆ ನಮಸ್ಕಾರ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿಬರುವ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳಿಗೆ ಇವತ್ತಿನ ಮಾತು ಬೇಗ ಹತ್ತುತ್ತದೆ.

"ನಿನಗೆ ಹೇಗೆ ಗೊತ್ತು?" ಅಂದರೆ ಒಂದು ಕಾರಣ ಕೊಡುತ್ತೇವೆ. "ಅದು ಹೇಗೆ ಗೊತ್ತು?" ಅಂದರೆ ಇನ್ನೊಂದು. ಎಲ್ಲಾದರೂ ನಿಲ್ಲಬೇಕಲ್ಲ? ಬೇರೆ ಆಧಾರ ಬೇಡದ ಕೆಲವು ತಿಳಿವುಗಳ ಮೇಲೆ ಮಿಕ್ಕದ್ದೆಲ್ಲ ನಿಂತಿದೆ ಅನ್ನುವುದೇ ಅಡಿಪಾಯವಾದ. ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ 1641ರಲ್ಲಿ ಅಂಥ ತಳ ಹುಡುಕಿದರು. ಕಣ್ಣೆದುರಿನ ಅನುಭವವೇ ಆ ತಳ ಎಂದು ಆಮೇಲೆ ಹಲವರು ಹೇಳಿದರು. ಆಗಲಿ. ಆ ತಳಕ್ಕೆ ಬಲ ಎಲ್ಲಿಂದ? ಸಾಮರ್ಥ್ಯದಿಂದ. ಇದೊಂದನ್ನು ನೆನಪಿಡಿ.

ತತ್ವಜ್ಞಾನಿ ರೋಡರಿಕ್ ಚಿಸಮ್ 1942ರಲ್ಲಿ ಚರ್ಚಿಸಿದ ಚುಕ್ಕಿ ಕೋಳಿಯನ್ನು ನೋಡಿ. ಮಗ್ಗುಲಲ್ಲಿ 3 ಚುಕ್ಕಿ ಇದ್ದರೆ ನೋಡಿದ ಕೂಡಲೇ ಗೊತ್ತು. 48 ಇದ್ದರೆ? ಅಷ್ಟೂ ಕಣ್ಣಿಗೆ ಬಿದ್ದಿವೆ. ಆದರೂ ಒಂದೇ ನೋಟಕ್ಕೆ "48" ಅಂದವನಿಗೆ ಗೊತ್ತಿಲ್ಲ, ಹೇಳಿದ ಸಂಖ್ಯೆ ಸರಿಯಿದ್ದರೂ! ಅನುಭವವೊಂದೇ ಸಾಕಾಗಿದ್ದರೆ ಎರಡೂ ಜ್ಞಾನವಾಗಬೇಕಿತ್ತು. ಮೂರು ನಾಲ್ಕರವರೆಗೆ ನಮ್ಮ ಕಣ್ಣು ಎಣಿಸದೆಯೇ ತಪ್ಪದೆ ಹಿಡಿಯುತ್ತದೆ. ಅದರಾಚೆ ಬೆರಳಿಟ್ಟು ಎಣಿಸಬೇಕು. ಕೋಳಿ ಅಲುಗಿತೋ, ಒಂದು ಬಿಟ್ಟುಹೋಗುತ್ತದೆ, ಇನ್ನೊಂದು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ವ್ಯತ್ಯಾಸವಿರುವುದು ಸಾಮರ್ಥ್ಯದಲ್ಲಿ.

ತತ್ವಜ್ಞಾನಿ ಅರ್ನೆಸ್ಟ್ ಸೋಸಾ 1980ರ ಲೇಖನದಲ್ಲಿ ಇದಕ್ಕೆ ದಾರಿ ತೆರೆದರು. ತಕ್ಕ ಸನ್ನಿವೇಶದಲ್ಲಿ ಸಾಮಾನ್ಯವಾಗಿ ನಿಜವನ್ನೇ ಹಿಡಿದುಕೊಡುವ ಸ್ಥಿರವಾದ ಶಕ್ತಿ, ಅದೇ ಬೌದ್ಧಿಕ ಸದ್ಗುಣ. ಜ್ಞಾನ ಅಂದರೆ ಇಂಥ ಸದ್ಗುಣದಿಂದ ನಿಜವನ್ನು ಹಿಡಿಯುವುದು ಅನ್ನುವುದೇ "ಸದ್ಗುಣವಾದ". ಇಬ್ಬರು ಒಂದೇ ಲಾಟ್ ನೋಡಿ, ಏಳು ಕಿಲೋ ಗೂಡಿಗೆ ಒಂದು ಕಿಲೋ ರೇಷ್ಮೆ ಅನ್ನುತ್ತಾರೆ. ಒಬ್ಬರು ತಳದವರೆಗೆ ಕೈಹಾಕಿ, ಗೂಡು ಅಲುಗಿಸಿ ಒಳಗಿನ ಸದ್ದು ಕೇಳಿ, ಜೋಡಿ ಗೂಡು, ಕಲೆಗೂಡು ಎಷ್ಟಿವೆ ನೋಡಿ ಹೇಳಿದ್ದು. ಇನ್ನೊಬ್ಬರದು ಬರೀ ಊಹೆ. ಇಬ್ಬರ ಮಾತೂ ನಿಜವಾಯಿತು ಅನ್ನಿ. ಗೊತ್ತಿದ್ದದ್ದು ಮೊದಲನೆಯವರಿಗೆ ಮಾತ್ರ, ಅವರ ಮಾತು ನಿಜವಾದದ್ದು ಅವರ ಸಾಮರ್ಥ್ಯದಿಂದ. ಅವರನ್ನೇ ಮಬ್ಬುಗತ್ತಲಲ್ಲಿ ನಿಲ್ಲಿಸಿದರೆ ಕಲೆ ಕಾಣದೆ ಎಡವುತ್ತಾರೆ.

ಈ "ಸದ್ಗುಣವಾದ"ವು ಅಡಿಪಾಯವಾದವನ್ನು ಕೆಡವುತ್ತದೆ ಎಂದು ಪದೇಪದೇ ಬರೆಯುವವರು ದಯವಿಟ್ಟು ಇಷ್ಟು ಗಮನಿಸಲಿ: ಕಾರಣಗಳ ಸರಪಣಿ ಇಲ್ಲಿಯೂ ನೋಟ, ನೆನಪುಗಳಲ್ಲೇ ನಿಲ್ಲುತ್ತದೆ. ಅಲ್ಲೇ ಏಕೆ ನಿಲ್ಲಬಹುದು ಎಂಬುದಕ್ಕೆ ಸಾಮರ್ಥ್ಯ ಉತ್ತರ ಕೊಡುತ್ತದೆ. ಒಂದು ನಂಬಿಕೆಯನ್ನು ಇನ್ನೊಂದರ ಜೊತೆ ಹೊಂದಿಸಿ ನೋಡುವ ತರ್ಕವೂ ಸಾಮರ್ಥ್ಯವೇ.

ತತ್ವಜ್ಞಾನಿ ಲಿಂಡಾ ಜಗ್‌ಜೆಬ್ಸ್ಕಿ 1996ರಲ್ಲಿ ಸ್ವಭಾವದ ಗುಣಗಳನ್ನು ಮುಂದಕ್ಕೆ ತಂದರು: ಎಚ್ಚರ, ತೆರೆದ ಮನಸ್ಸು, ನಿಜ ತಿಳಿಯುವ ಹಂಬಲ. ಕಣ್ಣು ಹುಟ್ಟಿನಿಂದ ಬರುತ್ತದೆ, ಇವನ್ನು ರೂಢಿಸಿಕೊಳ್ಳಬೇಕು. ಅದಕ್ಕೆ ಇನ್ನೊಂದು ಭಾಷಣವೇ ಬೇಕು. ನಮಸ್ಕಾರ.