ಕಾಫಿ ಮೂಟೆ ಹೊತ್ಕೊಂಡು ಕೆಸರಿಗೆ ಇಳಿಯೋದ್ಯಾಕೆ?

ನಮಸ್ಕಾರ. ಇವತ್ತು ಒಂದು ತಕರಾರು.

ಡಿಸೆಂಬರ್ ಶನಿವಾರ ಬೆಳಗ್ಗೆ ಹಾಸನದಿಂದ ಸಕಲೇಶಪುರದ ಕಡೆ ಹೋಗೋ ಬೈಕುಗಳನ್ನ ಒಮ್ಮೆ ನೋಡಿ. ಎರಡೂ ಪಕ್ಕ ಅಲ್ಯೂಮಿನಿಯಂ ಪೆಟ್ಟಿಗೆ, ಹಿಂದೆ ಟೆಂಟು, ಟೆಂಟಿನ ಮೇಲೆ ಮಡಚೋ ಕುರ್ಚಿ, ಅದರ ಮೇಲೆ ನೀರಿನ ಕ್ಯಾನು. ಬಾಡಿಗೆ ಮನೆ ಖಾಲಿ ಮಾಡ್ಕೊಂಡು ಹೊರಟ ಹಾಗೆ. ಟಾರ್ ರಸ್ತೇಲಿ ಇದು ನಡೆಯುತ್ತೆ. ಹಾನುಬಾಳು ದಾಟಿ ತೋಟದ ದಾರಿ ಹಿಡಿದ್ರಲ್ಲ, ಅಲ್ಲಿಂದ ಶುರುವಾಗುತ್ತೆ ನೋಡಿ ತಾಪತ್ರಯ.

ನನ್ನ ವಾದ ಇಷ್ಟೇ. ಕೆಸರಲ್ಲಿ ಬೈಕ್ ಓಡಿಸೋದು ಒಂದು ಕೆಲಸ, ಕ್ಯಾಂಪ್ ಹಾಕೋದು ಇನ್ನೊಂದು. ಎರಡನ್ನೂ ಒಂದೇ ಬೈಕಿನ ಬೆನ್ನಿಗೆ ಕಟ್ಟಬೇಡಿ.

ಚಳಿಗಾಲದಲ್ಲಿ ಕೆಸರೆಲ್ಲಿಂದ ಬಂತು ಅಂತ ಬಯಲುಸೀಮೆಯವರು ಕೇಳ್ತಾರೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ್ರೆ ಇಲ್ಲಿ ಕಣದಲ್ಲಿ ಹರಡಿದ ಕಾಫಿ ನೆನೆಯುತ್ತೆ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಬಂದಿದ್ದು ಸರಿಯಾಗಿ ಕುಯ್ಲಿನ ಹೊತ್ತಿಗೆ. ಮಳೆ ನಿಂತ್ರೂ ಸಿಲ್ವರ್ ಓಕ್ ನೆರಳಿನ ದಾರಿಗೆ ಬಿಸಿಲು ಬೀಳಲ್ಲ, ರಾತ್ರಿ ಇಡೀ ಇಬ್ಬನಿ ತೊಟ್ಟಿಕ್ಕುತ್ತೆ, ಹಗಲು ಹಣ್ಣು ಹೊತ್ತ ಟ್ರ್ಯಾಕ್ಟರ್ ಅದನ್ನೇ ಕಲಸುತ್ತೆ. ನಮ್ಮ ಮಣ್ಣು ಬೇರೆ ಜೇಡಿ, ಕಬ್ಬಿಣದಂಶ ಇರೋ ಕೆಂಪು. ಕೆಮ್ಮಣ್ಣುಗುಂಡಿ ಅಂತ ಊರಿಗೇ ಹೆಸರಿಟ್ಟಿದ್ದಾರಲ್ಲ! ಮೇಲೆ ಅರ್ಧ ಇಂಚು ಬೆಣ್ಣೆ, ಕೆಳಗೆ ಗಟ್ಟಿ ನೆಲ. ಟೈರು ಆ ಬೆಣ್ಣೆಯನ್ನ ಕೊಯ್ದು ಗಟ್ಟಿ ನೆಲ ಮುಟ್ಟಬೇಕು, ಇಲ್ಲಾಂದ್ರೆ ಜಾರುತ್ತೆ.

ಈಗ ಲೆಕ್ಕ ಹಾಕೋಣ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450 ಬೈಕಿನ ತೂಕ 196 ಕಿಲೋ. ಸಾಮಾನು 30, ಸವಾರ 75. ಒಟ್ಟು 301. ಎಕ್ಸ್‌ಪಲ್ಸ್ 200 ಅನ್ನೋ ಹೀರೋ ಬೈಕು ಸುಮಾರು 158 ಕಿಲೋ. ಬೆನ್ನ ಚೀಲದಲ್ಲಿ ನೀರು, ಟೂಲ್ಸ್ ಅಂತ 5 ಕಿಲೋ, ಅದೇ ಸವಾರ. 238. ವ್ಯತ್ಯಾಸ 63 ಕಿಲೋ. ಕಾಫಿ ಮೂಟೆ 50 ಕಿಲೋ. ಅಂದ್ರೆ ಮೊದಲನೆಯವನು ಒಂದು ಮೂಟೆ ಮೇಲೆ ಇನ್ನೊಂದು ಕಾಲು ಮೂಟೆ ಹೊತ್ಕೊಂಡು ಜಾರೋ ಏರು ಹತ್ತುತಾ ಇದ್ದಾನೆ. ಅವನ ಹತ್ರ ಇಂಜಿನ್ ಶಕ್ತಿ ಜಾಸ್ತಿ ಇದೆ, ಹೌದು. ಆದ್ರೆ ಕೆಸರಲ್ಲಿ ಹೆಚ್ಚಿನ ಶಕ್ತಿ ಹಿಂದಿನ ಚಕ್ರಕ್ಕೆ ಗುಂಡಿ ತೋಡೋಕೆ ಮಾತ್ರ ಉಪಯೋಗ.

ಹಿಮಾಲಯನ್ ಕೆಟ್ಟ ಬೈಕು ಅಂತಲ್ಲ. ಇರೋ ಬೈಕಲ್ಲೇ ಬನ್ನಿ, ಪೆಟ್ಟಿಗೆ ಬಿಚ್ಚಿಟ್ಟು ಬನ್ನಿ. ಬಿದ್ದಾಗ ಆ ಪೆಟ್ಟಿಗೆಗೂ ನೆಲಕ್ಕೂ ಮಧ್ಯೆ ಸಿಕ್ಕಿಕೊಳ್ಳೋದು ನಿಮ್ಮ ಮೀನಖಂಡ. ಕೆಸರಲ್ಲಿ ಕಾಲೂರಿದಾಗ ಕಾಲು ಹಿಂದಕ್ಕೆ ಹೋಗುತ್ತೆ, ಪೆಟ್ಟಿಗೆ ಮುಂದಕ್ಕೆ ಬರುತ್ತೆ. ಮೂಳೆ ಮುರಿಯೋಕೆ ಅಷ್ಟು ಸಾಕು.

ಭಾರ ಇಳಿಸಿದ್ರೆ ಸಿಗೋ ದೊಡ್ಡ ಲಾಭ ಟೈರಿನ ಗಾಳಿ. ರಸ್ತೇಲಿ 25ರಿಂದ 32 ಪಿಎಸ್‌ಐ ಇರುತ್ತಲ್ಲ, ಕೆಸರಿಗೆ ಅದನ್ನ 15ರಿಂದ 18ಕ್ಕೆ ಇಳಿಸಬೇಕು. ಆಗ ಟೈರು ಅಗಲವಾಗಿ ಕೂರುತ್ತೆ, ಅದರ ಮೇಲಿನ ರಬ್ಬರ್ ಉಬ್ಬುಗಳು ಬಾಗಿ ತೆರೆದುಕೊಂಡು ಮಣ್ಣನ್ನ ಕೊಡವುತ್ತೆ. ಸಾಮಾನು ಹೇರಿದ ಬೈಕಲ್ಲಿ ಇಷ್ಟು ಇಳಿಸಿದ್ರೋ, ಮೊದಲ ಕಲ್ಲಿಗೇ ರಿಮ್ಮು ಟ್ಯೂಬನ್ನ ಕಚ್ಚುತ್ತೆ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು.

ಇಲ್ಲಿ ಒಂದು ಸಣ್ಣ ವಿಷಯ, ಯಾರೂ ಹೇಳಲ್ಲ. ಗಾಳಿ ಕಡಿಮೆ ಇದ್ದಾಗ ಟೈರು ರಿಮ್ಮಿನ ಮೇಲೆ ನಿಧಾನಕ್ಕೆ ತಿರುಗುತ್ತೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತೆ. ವಾಲ್ವಿನ ಬುಡದಲ್ಲಿರೋ ನಟ್ಟನ್ನ ರಿಮ್ಮಿಗೆ ಬಿಗಿದಿದ್ರೆ ವಾಲ್ವ್ ಅಲ್ಲಾಡಕ್ಕೆ ಜಾಗ ಇರಲ್ಲ, ಬುಡದಲ್ಲಿ ಹರಿಯುತ್ತೆ. ಅಲ್ಲಿ ಹರಿದ ಟ್ಯೂಬಿಗೆ ಪ್ಯಾಚ್ ಹಾಕಕ್ಕಾಗಲ್ಲ. ಅದಕ್ಕೆ ಆ ನಟ್ಟನ್ನ ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ತಾಗಿಸಿಡಿ. ಪ್ರತಿ ಸಲ ನಿಂತಾಗ ನೋಡಿ: ವಾಲ್ವ್ ನೆಟ್ಟಗಿದ್ರೆ ಸರಿ, ವಾಲಿದ್ರೆ ಟ್ಯೂಬ್ ಜಾರ್ತಾ ಇದೆ. ಗಾಳಿ ಪೂರ್ತಿ ಬಿಟ್ಟು, ಟೈರನ್ನ ಹಿಂದಕ್ಕೆ ತಿರುಗಿಸಿ, ವಾಲ್ವ್ ನೆಟ್ಟಗೆ ಮಾಡಿ ಮತ್ತೆ ತುಂಬಿ. 15ಕ್ಕಿಂತ ಕೆಳಗೆ ಇಳಿಸೋ ಆಸೆ ಇದ್ರೆ ಟೈರನ್ನ ರಿಮ್ಮಿಗೆ ಅದುಮಿ ಹಿಡಿಯೋ ರಿಮ್ ಲಾಕ್ ಹಾಕಿಸಿ. ತುಂಬೋಕೆ ಬ್ಯಾಟರಿ ಪಂಪೇ ಬೇಕಂತಿಲ್ಲ, ಸೈಕಲ್ ಪಂಪ್ ಸಾಕು. ಕೈ ನೋಯುತ್ತೆ, ಅಷ್ಟೇ.

ಟೈರಿಗೆ ಅಂಟಿಕೊಂಡಂತಿರೋ ಮುಂದಿನ ಮಡ್‌ಗಾರ್ಡ್ ಇದ್ರೆ ಮನೇಲೇ ಬಿಚ್ಚಿ, ಇಲ್ಲ ಎತ್ತರಿಸಿ. ಜೇಡಿ ಅದರೊಳಗೆ ತುಂಬಿಕೊಂಡ್ರೆ ಚಕ್ರ ಬ್ರೇಕ್ ಹಿಡಿದ ಹಾಗೆ ನಿಂತುಬಿಡುತ್ತೆ. ಚೈನನ್ನ ಮ್ಯಾನ್ಯುಯಲ್ ಹೇಳಿದ ಅಳತೆಯಲ್ಲಿ ಸಡಿಲದ ಕಡೆಗೇ ಇಡಿ, ಯಾಕಂದ್ರೆ ಸ್ಪ್ರಾಕೆಟ್ಟಿಗೆ ಕೆಸರು ಮೆತ್ತಿದಷ್ಟೂ ಚೈನು ಬಿಗಿಯಾಗುತ್ತೆ.

ಓಡಿಸೋದು ಹೇಗೆ ಅಂತ ಉದ್ದುದ್ದ ಪಾಠ ಮಾಡಲ್ಲ. ಎರಡನೇ ಗೇರು, ಒಂದೇ ಸಮ ಆಕ್ಸಿಲರೇಟರ್, ಕಣ್ಣು ದೂರಕ್ಕೆ. ಟ್ರ್ಯಾಕ್ಟರ್ ಕೊರಕಲಿಗೆ ಇಳಿದ ಮೇಲೆ ಅದರಲ್ಲೇ ಹೋಗಿ, ಅಡ್ಡ ಹಾಯಕ್ಕೆ ಹೋದವನು ಬೀಳ್ತಾನೆ. ಮುಂದಿನವನು ಏರು ಹತ್ತಿ ಕೈ ಎತ್ತೋವರೆಗೆ ಹಿಂದಿನವನು ಹೊರಡಬಾರದು. ನಾಲ್ಕೈದು ಜನಕ್ಕಿಂತ ಹೆಚ್ಚಾದ್ರೆ ಅದು ಜಾತ್ರೆ.

ಹೂತುಹೋದ್ರೆ? ಮೊದಲು ಆಕ್ಸಿಲರೇಟರ್ ಬಿಡಿ. ತಿರುವಿದಷ್ಟೂ ಆಕ್ಸಲ್ ತನಕ ಇಳಿಯುತ್ತೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬರುತ್ತೆ. ಇಂಜಿನ್ ಆಫ್ ಮಾಡಿ, ಪೆಟ್ರೋಲ್ ಕ್ಯಾಪ್ ಬಿಗಿಯಾಗಿದೆಯಾ ನೋಡಿ, ಬೈಕನ್ನ ಪಕ್ಕಕ್ಕೆ ಮಲಗಿಸಿ. ಆಗ ಹಿಂದಿನ ಚಕ್ರ ಗುಂಡಿಯಿಂದ ಈಚೆ ಬರುತ್ತೆ. ಗುಂಡಿಗೆ ಕಲ್ಲು, ಒಣ ಕೊಂಬೆ ತುಂಬಿ. ಕಾಫಿ ಗಿಡದ್ದು ಮುರಿಯಬೇಡಿ ಮಾರಾಯ್ರೇ, ಅದು ಒಬ್ಬರ ವರ್ಷದ ಅನ್ನ. ಬೈಕ್ ಎತ್ತಿ, ಪಕ್ಕದಲ್ಲಿ ನಡೀತಾ ಮೊದಲ ಗೇರಲ್ಲಿ ಈಚೆ ತನ್ನಿ. 158 ಕಿಲೋ ಬೈಕಿಗೆ ಇದು ಇಬ್ಬರ ಕೆಲಸ. ಪೆಟ್ಟಿಗೆ ಕಟ್ಟಿದ್ದನ್ನ ಮಲಗಿಸಕ್ಕೂ ಆಗಲ್ಲ, ಎತ್ತಕ್ಕೂ ಆಗಲ್ಲ.

ಹಳ್ಳ ದಾಟೋ ಮುಂಚೆ ನಡೆದು ನೋಡಿ. ನೀರಲ್ಲಿ ಬೈಕ್ ಬಿದ್ದು ಇಂಜಿನ್ ನಿಂತ್ರೆ ಸೆಲ್ಫ್ ಮಾತ್ರ ಒತ್ತಬೇಡಿ. ನೀರನ್ನ ಪಿಸ್ಟನ್ ಅದುಮಕ್ಕಾಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಇಂಜಿನ್ ತಿರುಗಿಸಿ ನೀರು ಹೊರಗೆ ಹಾಕಿ. ಏರ್ ಫಿಲ್ಟರ್ ಒದ್ದೆಯಾಗಿದೆಯಾ ಅಂತನೂ ನೋಡಿ.

ಸರಿ, ಹಾಗಾದ್ರೆ ಟೆಂಟು ಯಾರು ಹೊರ್ತಾರೆ? ಜೀಪು. ಇಲ್ಲ ಪಿಕಪ್. ಐದು ಜನ ಹಂಚ್ಕೊಂಡ್ರೆ ಬಾಡಿಗೆ ದೊಡ್ಡದಲ್ಲ. ಒಂದೇ ಜಾಗದಲ್ಲಿ ಎರಡು ರಾತ್ರಿ, ಹಗಲು ಖಾಲಿ ಬೈಕಲ್ಲಿ ಸುತ್ತಾಟ. ಸಾಮಾನು ಹೊತ್ಕೊಂಡು ಹೋದ್ರೇನೇ ಸಾಹಸ ಅನ್ನೋರಿಗೆ ಒಂದು ಮಾತು: ಹಾಗೆ ಹೊತ್ಕೊಂಡು ಹೋಗಿ ಉಳಿಯೋದಾದ್ರೂ ಎಲ್ಲಿ? ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಹೊಕ್ಕೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಮುಳ್ಳಯ್ಯನಗಿರಿ ಸುತ್ತಿನ ಹುಲ್ಲುಗಾವಲಿಗೆ ಟೈರು ಇಳಿಸಿದ್ರೆ ಆ ಗೆರೆಯಲ್ಲೇ ಮಳೆನೀರು ಹರಿದು ಕೊರಕಲು ಬೀಳುತ್ತೆ. ಇನ್ನು ಆನೆ. 2023ರ ಡಿಸೆಂಬರ್ 4ರಂದು, ಇಂಥದ್ದೇ ಚಳಿಗಾಲದಲ್ಲಿ, ಯಸಳೂರು ಹತ್ರ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತ ಅರ್ಜುನನೇ ಕಾದಾಡಿ ಸತ್ತ. ಆ ಕಡೆ ತೋಟದ ಅಂಚಲ್ಲಿ ನೈಲಾನ್ ಬಟ್ಟೆಯೊಳಗೆ ಮಲಗೋದು ಧೈರ್ಯ ಅಲ್ಲ. ಕತ್ತಲಾಗೋ ಮುಂಚೆ ಬೈಕ್ ನಿಲ್ಲಿಸಿ.

ತೋಟದ ಮಾಲೀಕರನ್ನ ಮೊದಲೇ ಕೇಳಿ. ಏಷ್ಯಾ ಪೆಸಿಫಿಕ್ ಕಾರ್ ರ‍್ಯಾಲಿ ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ಓಡಿದ್ದು ಒಪ್ಪಿಗೆ ಪಡೆದೇ. ಕುಯ್ಲಿನ ದಿನಗಳಲ್ಲಿ ತೋಟದ ಲೆಕ್ಕಪತ್ರ ನೋಡ್ಕೊಳ್ಳೋ ರೈಟರಿಗೆ ಉಸಿರಾಡಕ್ಕೆ ಪುರುಸೊತ್ತಿರಲ್ಲ, ಅದನ್ನ ತಿಳ್ಕೊಂಡು ಭಾನುವಾರ ಯಾವ ದಾರೀಲಿ ಟ್ರ್ಯಾಕ್ಟರ್ ಓಡಲ್ಲ ಅಂತ ಕೇಳಿ, ಆ ದಾರಿ ಹಿಡೀರಿ. ಟೆಂಟು ಹಾಕೋಕೆ ಕಣ ಕೇಳಬೇಡಿ, ಅಲ್ಲಿ ಹಣ್ಣು ಒಣಗ್ತಿರುತ್ತೆ. ಗೋದಾಮಿನ ಜಗಲಿ ಕೇಳಿ. ಸಿಮೆಂಟಿಗೆ ಗೂಟ ಹೋಗಲ್ಲ, ಟೆಂಟಿನ ಹಗ್ಗವನ್ನ ಕಂಬಕ್ಕೋ ಮಣ್ಣು ತುಂಬಿದ ಚೀಲಕ್ಕೋ ಕಟ್ಟಿ.

ತರಗೆಲೆ ಮೇಲೆ ಮಲಗದೇ ಇರೋಕೆ ಇನ್ನೊಂದು ಕಾರಣ ಉಣುಗು, ಅಂದ್ರೆ ಉಣ್ಣೆ ಹುಳ. ಮಳೆಗಾಲದ ಇಂಬಳ ಎಲ್ಲರಿಗೂ ಗೊತ್ತು, ರಕ್ತ ಕುಡಿದು ಉದುರುತ್ತೆ. ಉಣುಗು ಅಷ್ಟಕ್ಕೇ ಬಿಡಲ್ಲ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನ ಹರಡೋದು ಇದೇ, ಅದರ ಕಾಲ ಹೆಚ್ಚುಕಡಿಮೆ ನವೆಂಬರಿನಿಂದ ಮೇ. ಕೊಪ್ಪ, ನರಸಿಂಹರಾಜಪುರದ ಕಡೆ ಹೋಗೋರಂತೂ ಉಣುಗು ಹತ್ತದ ಹಾಗೆ ತಡೆಯೋ ಆರೋಗ್ಯ ಇಲಾಖೆಯ ಡೆಪಾ ಎಣ್ಣೆ ಸಿಕ್ಕಿದ್ರೆ ಹಚ್ಕೊಳ್ಳಿ. ಸಂಜೆ ಮೊಣಕಾಲ ಹಿಂದೆ, ಸೊಂಟದ ಪಟ್ಟಿ ಜಾಗ ಬೆಳಕಲ್ಲಿ ನೋಡ್ಕೊಳ್ಳಿ. ಮಂಗ ಸತ್ತುಬಿದ್ದ ಜಾಗದಲ್ಲಿ ನಿಲ್ಲಲೇಬೇಡಿ.

ಚಳಿಗೆ ಮೇಲಿನ ಹೊದಿಕೆಗಿಂತ ಕೆಳಗಿನ ಮ್ಯಾಟ್ ಮುಖ್ಯ, ಬೆನ್ನಿನ ಬಿಸಿ ಎಳ್ಕೊಳ್ಳೋದು ನೆಲ. ಟೆಂಟಿನ ಗಾಳಿಕಿಂಡಿ ತೆರೆದಿಡಿ, ಇಲ್ಲಾಂದ್ರೆ ನಿಮ್ಮ ಉಸಿರೇ ಬೆಳಗ್ಗೆ ಹನಿಯಾಗಿ ಮುಖಕ್ಕೆ ಬೀಳುತ್ತೆ. ಕೆಂಡದ ಬಾಣಲೆಯನ್ನ ಒಳಗೆ ತರಬೇಡಿ, ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಒಂದು ಜೊತೆ ಒಣ ಸಾಕ್ಸ್ ಮಲಗೋಕೆ ಮಾತ್ರ. ಬೂಟಿಗೆ ಪೇಪರ್ ತುರುಕಿಡಿ.

ಭಾನುವಾರ ಮಧ್ಯಾಹ್ನ ಟಾರ್ ಹತ್ತೋ ಮುಂಚೆ ಗಾಳಿ ತುಂಬಿ. ಟೈರಿನ ಕೆಸರನ್ನ ಗೇಟಿನ ಒಳಗೇ ಕೆರೆದು ಹಾಕಿ, ರಸ್ತೇಲಿ ಉದುರಿದ್ರೆ ಹಿಂದೆ ಬರೋ ಸ್ಕೂಟರಿನವರು ಜಾರ್ತಾರೆ. ಮನೇಲಿ ತೊಳೆಯುವಾಗ ಪ್ರೆಷರ್ ನೀರನ್ನ ಬೇರಿಂಗ್ ಕಡೆ ಹೊಡೀಬೇಡಿ. ಬ್ರೇಕ್ ಪ್ಯಾಡ್ ತೆಗೆದು ದಪ್ಪ ನೋಡಿ, ಈ ಕೆಂಪು ಮಣ್ಣು ಎರಡೇ ದಿನದಲ್ಲಿ ಅದನ್ನ ಉಜ್ಜು ಕಾಗದದ ಹಾಗೆ ತಿಂದಿರುತ್ತೆ. ಹೊರಡೋವಾಗ ರೈಟರ್ ಹತ್ರ ಇಸ್ಕೊಂಡಿದ್ದ ಹಗ್ಗವನ್ನ ತೊಳೆದು, ಸುತ್ತಿ ಕೊಟ್ಟು ಬನ್ನಿ. ಮುಂದಿನ ಡಿಸೆಂಬರಿಗೆ ಅದೇ ಗೇಟು ತಟ್ಟಬೇಕಲ್ವಾ.