ಒಂದು ಬಿಚ್ಚಿ, ಅದನ್ನೇ ಕಟ್ಟಿ

ನಮಸ್ಕಾರ.

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ನೀವು ಎಲ್ಲೇ ಕೂತು ಕೇಳ್ತಾ ಇರಿ. ನಿಮ್ಮ ಮನೆ ಪಕ್ಕದ ಶೆಡ್ಡಿನಲ್ಲೋ, ತೋಟದ ಪಂಪ್‌ಸೆಟ್ ಮನೆ ಹಿಂದೆಯೋ ಒಂದು ಹಳೇ ಕಾರು ಟಾರ್ಪಾಲು ಹೊದ್ದು ನಿಂತಿದೆ ಅಂತ ಇಟ್ಟುಕೊಳ್ಳೋಣ. ಅಪ್ಪ ಓಡಿಸಿದ್ದು, ಇಲ್ಲ ತಾತ ಓಡಿಸಿದ್ದು. ಫಿಯೆಟ್ ಇರಬಹುದು, ಅಂಬಾಸಡರ್ ಇರಬಹುದು, ಸ್ಟ್ಯಾಂಡರ್ಡ್ ಹೆರಾಲ್ಡ್ ಇರಬಹುದು. ಟೈರಿನಲ್ಲಿ ಗಾಳಿ ಇಲ್ಲ. ಸೀಟಿನೊಳಗೆ ಇಲಿ ಮರಿ ಹಾಕಿದೆ. ಮನೆಯವರು ಗುಜರಿಗೆ ಹಾಕಿ ಅಂತಾರೆ, ನಿಮಗೆ ಮನಸ್ಸು ಒಪ್ಪೋದಿಲ್ಲ. ಇವತ್ತು ನಾನು ಮಾತಾಡೋದು ನಿಮ್ಮ ಜೊತೆ.

ನಾನು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದಲ್ಲಿ 31 ವರ್ಷ ಪಾಠ ಹೇಳಿದವನು. ನಿವೃತ್ತಿಯಾದ ಮೇಲೆ ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ಹಿಂದೆ ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದದ ಶೀಟಿನ ಶೆಡ್ ಹಾಕಿಕೊಂಡು ಮೂರು ಹಳೇ ಕಾರುಗಳನ್ನು ಎಬ್ಬಿಸಿ ನಿಲ್ಲಿಸಿದ್ದೀನಿ. ಹೇಳೋದಕ್ಕೆ ನೂರು ವಿಷಯ ಇದೆ. ಆದರೆ ನನಗೆ ಕೊಟ್ಟಿರೋ ಸಮಯ ಚಿಕ್ಕದು, ಅದಕ್ಕೇ ಒಂದೇ ಮಾತು ಹೇಳ್ತೀನಿ. ಒಂದು ಬಿಚ್ಚಿ, ಅದನ್ನೇ ಕಟ್ಟಿ. ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ನಮ್ಮ ಕಡೆ ಮನೆಯಲ್ಲಿ ಶುರುವಾಗಿ ಅರ್ಧಕ್ಕೆ ನಿಂತ ಕಾರುಗಳನ್ನು ಬೇಕಾದಷ್ಟು ನೋಡಿದ್ದೀನಿ. ತುಕ್ಕಿನಿಂದ ನಿಂತಿದ್ದು ಕಡಿಮೆ. ನಮ್ಮದು ಒಣ ಸೀಮೆ, ಮಂಗಳೂರಿನ ಕಡೆ ಕಾರುಗಳ ಹಾಗೆ ತಳದ ತಗಡು ತಿಂದುಹೋಗಿರೋದಿಲ್ಲ. ದುಡ್ಡಿಲ್ಲದೆ ನಿಂತಿದ್ದೂ ಅಷ್ಟೇನಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿಹಾಕಿ ನಿಂತವೇ ಜಾಸ್ತಿ. ಈಗಿನ ಹುಡುಗರು ಮೊಬೈಲಿನಲ್ಲಿ ವಿಡಿಯೊ ನೋಡ್ತಾರೆ. ಇಪ್ಪತ್ತು ನಿಮಿಷದಲ್ಲಿ ಒಂದು ಕಾರನ್ನು ಬರೀ ತಗಡು ಉಳಿಯೋವರೆಗೆ ಬಿಚ್ಚಿ, ಮತ್ತೆ ಜೋಡಿಸಿ, ಬಣ್ಣ ಹೊಡೆದು, ಓಡಿಸಿಯೇಬಿಡ್ತಾರೆ. ಅಲ್ಲಿ ಲಿಫ್ಟ್ ಇದೆ, ಐದಾರು ಜನ ಕೆಲಸಗಾರರಿದ್ದಾರೆ, ಬೇರೆ ಆದಾಯ ಇದೆ. ನಿಮಗಿರೋದು ಭಾನುವಾರ. ಅದರಲ್ಲೂ ಮದುವೆ, ಗೃಹಪ್ರವೇಶ, ಊರಹಬ್ಬ ಅಂತ ಕಳೆದು ಉಳಿದ ಭಾನುವಾರ.

ಕಾರು ಕಷ್ಟದ್ದಲ್ಲ. ಆ ಧೈರ್ಯ ಮೊದಲು ಇರಲಿ. ಫಿಯೆಟ್ ತಗೊಳ್ಳಿ. ನಾಲ್ಕು ಸಿಲಿಂಡರ್, 1089 ಸಿಸಿ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸೋ ಒಂದು ಕಾರ್ಬುರೇಟರ್, ಪ್ಲಗ್ಗುಗಳಿಗೆ ಕಿಡಿ ಹಂಚೋ ಒಂದು ಡಿಸ್ಟ್ರಿಬ್ಯೂಟರ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾನೆಟ್ ಎತ್ತಿದರೆ ಕೈ ತೂರಿಸೋದಕ್ಕೆ ಎಲ್ಲ ಕಡೆ ಜಾಗ ಇದೆ. ಈ ಕಾರಿಗೂ ನಮ್ಮ ಚಿಕ್ಕಬಳ್ಳಾಪುರಕ್ಕೂ ಒಂದು ನೆಂಟಸ್ತಿಕೆಯೂ ಇದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಕಟ್ಟೆ ಕಟ್ಟಿದ್ದು ಎಲ್ಲರಿಗೂ ಗೊತ್ತು. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕು ಅಂತ 1930ರ ದಶಕದಲ್ಲೇ ವಿದೇಶಗಳಿಗೆ ಹೋಗಿ ಅಧ್ಯಯನ ಮಾಡಿ ಯೋಜನೆ ಬರೆದದ್ದು ಎಷ್ಟು ಜನಕ್ಕೆ ಗೊತ್ತು? ಆ ಕನಸನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಆ ಕಂಪನಿಯ ಮುಂಬೈನ ಕುರ್ಲಾ ಕಾರ್ಖಾನೆಯಿಂದಲೇ ನಮ್ಮ ಫಿಯೆಟ್ ಬಂತು, 1970ರ ದಶಕದಲ್ಲಿ ಅದಕ್ಕೇ ಪದ್ಮಿನಿ ಅಂತ ಹೆಸರಾಯಿತು. ಹಾಗಾಗಿ ಅದನ್ನು ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತೆ.

ಈಗ ಒಂದು ಕಥೆ. ನಡೆದದ್ದು.

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಅಲ್ಲಿನ ಹುಡುಗ ನನ್ನ ಹಳೇ ವಿದ್ಯಾರ್ಥಿ. ಅವನ ಅಪ್ಪ ಒಂದು ಒಳ್ಳೇ ವರ್ಷ ರೇಷ್ಮೆಗೂಡಿಗೆ ರೇಟು ಬಂದಾಗ ಸೆಕೆಂಡ್ ಹ್ಯಾಂಡ್ ಫಿಯೆಟ್ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಕಾರು ಹುಳು ಮನೆಯ, ಅಂದರೆ ರೇಷ್ಮೆ ಹುಳು ಸಾಕೋ ಮನೆಯ ಪಕ್ಕದ ಚಪ್ಪರದಲ್ಲಿ ಹದಿನಾಲ್ಕು ವರ್ಷ ನಿಂತಿತ್ತು. ಹುಡುಗನಿಗೆ ಅಪ್ಪನ ಕಾರು ಓಡಬೇಕು ಅಂತ ಆಸೆ. ದಸರಾ ರಜೆಯಲ್ಲಿ ಸ್ನೇಹಿತರನ್ನು ಸೇರಿಸಿಕೊಂಡು ಆರು ದಿನದಲ್ಲಿ ಪೂರ್ತಿ ಬಿಚ್ಚಿದ. ಇಂಜಿನ್, ಗೇರ್‌ಬಾಕ್ಸ್, ಬಾಗಿಲು, ಹಿಂದಿನ ಪಟ್ಟಿ ಸ್ಪ್ರಿಂಗು, ಡ್ಯಾಶ್‌ಬೋರ್ಡು, ವೈರಿಂಗು, ಎಲ್ಲ. ಬೋಲ್ಟು ನಟ್ಟುಗಳನ್ನು ಒಂದೇ ಬಕೆಟ್ಟಿಗೆ ಸುರಿದ. ಎಂಟು ತಿಂಗಳಾದ ಮೇಲೆ ನನಗೆ ಫೋನು. "ಸಾರ್, ಕಟ್ಟೋಕೆ ಆಗ್ತಿಲ್ಲ. ತೂಕಕ್ಕೆ ಕೊಟ್ಟುಬಿಡ್ತೀನಿ."

ಹೋದೆ. ಮುಕ್ಕಾಲು ಬಕೆಟ್ ಬೋಲ್ಟು, ಮೇಲೆ ತುಕ್ಕಿನ ನೀರು. ಯಾವುದು ಎಲ್ಲಿಯದು ಅಂತ ದೇವರಿಗೇ ಗೊತ್ತು. ಕಣ್ಣಿಗೆ ಎರಡೂ ಒಂದೇ ತರಹ ಕಾಣೋ ಬೋಲ್ಟಿನಲ್ಲಿ ಒಂದು ಇನ್ನೊಂದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಉದ್ದ ಇರುತ್ತೆ. ಆ ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಬಿರುಕು ಬಿಡುತ್ತೆ. ಇನ್ನೊಂದು ಮಾತು. ಫಿಯೆಟ್ ಇಟಲಿ ಮೂಲದ್ದು, ಅದರ ಬೋಲ್ಟಿನ ಮರೆ, ಅಂದರೆ ಸುತ್ತೋ ಗೆರೆ, ಸ್ಪಾನರು ಎಲ್ಲ ಮಿಲಿಮೀಟರ್ ಲೆಕ್ಕ. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ತಳಿ, ಅದು ಇಂಚಿನ ಲೆಕ್ಕ. ಒಂದರ ಸ್ಪಾನರು ಇನ್ನೊಂದಕ್ಕೆ ಹಾಕಿದರೆ ಬೋಲ್ಟಿನ ತಲೆ ಉರುಟಾಗುತ್ತೆ. ಈ ಹುಡುಗರು ಅದನ್ನೂ ಮಾಡಿದ್ದರು.

ನಾನು ತಲೆ ಮೇಲೆ ಕೈಹೊತ್ತು ಕೂತಾಗ ಹುಡುಗನ ತಾಯಿ ಕಾಫಿ ತಂದರು. ಬಕೆಟ್ ನೋಡಿದರು. "ಮೇಷ್ಟ್ರೇ, ಹುಳ ಹಣ್ಣಾದ್ರೆ ನಾವು ಇಂಗೆ ಗುಡ್ಡೆ ಹಾಕ್ತೀವಾ? ಆರಿಸಿ ಆರಿಸಿ ಚಂದ್ರಿಕೆಗೆ ಬುಡ್ತೀವಿ. ಗುಡ್ಡೆ ಹಾಕಿದ್ರೆ ಎರಡು ಹುಳ ಸೇರ್ಕೊಂಡು ಜೋಡಿ ಗೂಡು ಕಟ್ತವೆ, ಅದಕ್ಕೆ ರೇಟು ಬರಲ್ಲ" ಅಂದರು. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಈಗ ಅವರ ಮನೆಯಲ್ಲಿ ಹುಳು ಗೂಡು ಕಟ್ಟೋಕೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ, ಹಳೇ ಬಿದಿರಿನ ಚಂದ್ರಿಕೆಗಳು ಅಟ್ಟದ ಮೇಲಿದ್ದವು. ಮಗನಿಗೆ ಹೇಳಿ ಆರು ಚಂದ್ರಿಕೆ ಇಳಿಸಿ ನೆಲದ ಮೇಲೆ ಹಾಸಿಸಿದರು.

ಚಂದ್ರಿಕೆ ನೋಡದವರಿಗೆ ಹೇಳ್ತೀನಿ. ಬಿದಿರಿನ ಚಾಪೆ, ಅದರ ಮೇಲೆ ಬಿದಿರ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಹೆಣೆದಿರ್ತಾರೆ. ಒಳಗಿನಿಂದ ಹೊರಗೆ ಒಂದೇ ಓಣಿ, ತಿರುಗುತ್ತಾ ಹೋಗುತ್ತೆ. ಹಣ್ಣಾದ ಹುಳು, ಅಂದರೆ ಗೂಡು ಕಟ್ಟೋಕೆ ಸಿದ್ಧವಾದ ಹುಳು, ಗೂಡು ಕಟ್ಟೋ ಜಾಗ ಅದು. ನಾವು ಆ ಓಣಿಯಲ್ಲಿ ಬೋಲ್ಟು ಇಟ್ಟೆವು. ಎಂಟು ಮಿಲಿಮೀಟರ್ ದಪ್ಪದ್ದು ಒಂದು ಚಂದ್ರಿಕೆ, ಹತ್ತರದ್ದು ಒಂದು, ಅದರೊಳಗೆ ಗಿಡ್ಡದರಿಂದ ಉದ್ದಕ್ಕೆ ಸಾಲಾಗಿ. ಮೂರು ಭಾನುವಾರ ಬರೀ ಅದೇ ಕೆಲಸ. ಆ ತಾಯಿಯ ಬೆರಳು ನೋಡಬೇಕಿತ್ತು. ರೋಗದ ಹುಳು ಯಾವುದು ಅಂತ ಮುಟ್ಟಿ ಹೇಳೋ ಬೆರಳು. ಮರೆ ಸವೆದ ಬೋಲ್ಟನ್ನು ಉಗುರಲ್ಲಿ ಉಜ್ಜಿ ಪಕ್ಕಕ್ಕೆ ಎಸೆಯೋರು. ನನ್ನ 31 ವರ್ಷದ ಸರ್ವೀಸಿನಲ್ಲಿ ಅಂಥ ವಿದ್ಯಾರ್ಥಿ ಸಿಕ್ಕಿಲ್ಲ.

ಇಂಜಿನ್ನಿನ ಒಳಗಿನ ಭಾಗದಲ್ಲಿ ಪುಣ್ಯ ಇತ್ತು. ಪಿಸ್ಟನ್ನನ್ನು ಹಿಡಿದಿರೋ ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ನಂಬರ್ ಹೊಡೆದಿತ್ತು. ಒಂದನೇ ರಾಡಿಗೆ ಒಂದನೇ ಕ್ಯಾಪೇ ಬರಬೇಕು. ಅದಲು ಬದಲಾದರೆ ಬೇರಿಂಗ್ ಸುಟ್ಟುಹೋಗುತ್ತೆ, ಇಂಜಿನ್ ಮುಗೀತು. ಬ್ರೇಕಿಗೆ ಅಂಥ ನಂಬರ್ ಇರಲಿಲ್ಲ. ನಾಲ್ಕು ಚಕ್ರದ ಶೂಗಳು, ಸ್ಪ್ರಿಂಗುಗಳು ಒಂದೇ ಗೋಣಿಚೀಲದಲ್ಲಿ. ಯಾವ ಸ್ಪ್ರಿಂಗು ಯಾವ ತೂತಿಗೆ ಸಿಕ್ಕಿಸೋದು? ಒಂದು ಚಕ್ರ ಬಿಚ್ಚದೆ ಬಿಟ್ಟಿದ್ದರೂ ಸಾಕಿತ್ತು, ನೋಡಿಕೊಂಡು ಮೂರನ್ನು ಕಟ್ಟಬಹುದಿತ್ತು. ಕೊನೆಗೆ ಚಿಂತಾಮಣಿಯಲ್ಲಿ ಇನ್ನೊಂದು ಫಿಯೆಟ್ ಹುಡುಕಿ, ಅದರ ಯಜಮಾನರ ಕೈಕಾಲು ಹಿಡಿದು, ಬ್ರೇಕ್ ಡ್ರಮ್ ತೆಗೆಸಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಬಂದೆವು.

ಅಲ್ಲಿಂದ ಮುಂದೆ ನಾನು ಹುಡುಗನಿಗೆ ಒಂದೇ ಕರಾರು ಹಾಕಿದೆ. ಎಡಗಡೆ ಮುಂದಿನ ಚಕ್ರದ ಬ್ರೇಕು ಪೂರ್ತಿ ಕಟ್ಟಿ ಮುಗಿಸೋ ತನಕ ಬೇರೆ ಯಾವುದನ್ನೂ ಮುಟ್ಟಬಾರದು. ಅದು ಮುಗಿದ ಮೇಲೆ ಬಲಗಡೆಯದು. ಹೀಗೆ ನಾಲ್ಕು ಚಕ್ರ, ಆಮೇಲೆ ಸ್ಟೀರಿಂಗು, ಆಮೇಲೆ ಇಂಜಿನ್. ಎರಡೂವರೆ ವರ್ಷ ಹಿಡಿಯಿತು. ಮೊದಲೇ ಒಂದೊಂದಾಗಿ ಬಿಚ್ಚಿ ಕಟ್ಟಿದ್ದರೆ ಒಂದು ವರ್ಷದ ಕೆಲಸ.

ಸ್ಟಾರ್ಟ್ ಮಾಡೋ ದಿನ ಹುಳು ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡೋದು ಮುಗಿಸಿ ಎದ್ದಿದ್ದವು. ತಾಯಿ ಬಾಗಿಲಿಗೆ ಅಡ್ಡ ನಿಂತರು. "ಹೊಗೆ ತಾಕಿದ್ರೆ ಬೆಳೆ ಹೋಯ್ತದೆ, ರಸ್ತೆಗೆ ತಳ್ಕೊಂಡೋಗಿ." ಸರಿ, ಎಲ್ಲ ಸೇರಿ ತಳ್ಳಿದೆವು. ಮನೆ ಮುಂದೆ ಇಳಿಜಾರು. ಕಾರು ತಾನಾಗೇ ಉರುಳೋಕೆ ಶುರುವಾಯಿತು, ಎದುರಿಗೆ ಹಿಪ್ಪುನೇರಳೆ ಸೊಪ್ಪು ಹೊತ್ತ ಟ್ರ್ಯಾಕ್ಟರ್. ಒಳಗೆ ಕೂತಿದ್ದ ಹುಡುಗ ಬ್ರೇಕ್ ಒತ್ತಿದ. ನಿಂತಿತು. ಬ್ರೇಕ್ ಮೊದಲು ಕಟ್ಟಿ ಅಂತ ನಾನು ಯಾಕೆ ಹಟ ಹಿಡೀತೀನಿ ಅಂತ ಅವತ್ತು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು.

ರಸ್ತೆಯಲ್ಲಿ ಸೆಲ್ಫ್ ಹೊಡೆದರೆ ಕಾರ್ಬುರೇಟರಿನಿಂದ ಢಬ್ ಅಂತ ಬೆಂಕಿ ಉಗುಳಿತು. ಪ್ಲಗ್ ವೈರುಗಳನ್ನು ಹುಡುಗ ಒಂದು, ಎರಡು, ಮೂರು, ನಾಲ್ಕು ಅಂತ ಹಾಕಿದ್ದ. ಕಿಡಿ ಹಾರೋ ಕ್ರಮ ಒಂದು, ಮೂರು, ನಾಲ್ಕು, ಎರಡು. ವೈರು ಬದಲಾಯಿಸಿದೆವು. ಎರಡನೇ ಸಲ ಹೊಡೆದಾಗ ಹತ್ತಿಕೊಂಡಿತು. ಆ ತಾಯಿ ಹತ್ತಿರ ಬಂದು ಬಾನೆಟ್ ಮೇಲೆ ಕೈ ಇಟ್ಟು, ಅದರ ನಡುಕ ನೋಡ್ತಾ ಬಹಳ ಹೊತ್ತು ನಿಂತಿದ್ದರು.

ಸ್ಟುಡಿಯೊ ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಾ ಇದ್ದಾರೆ. ಉಳಿದದ್ದು ಬೇಗ ಹೇಳ್ತೀನಿ, ಬರೆದುಕೊಳ್ಳಿ.

ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ. ಹಾಲೋ ಬ್ಲಾಕ್ ಇಟ್ಟು ಅದರ ಮೇಲೆ ಕಾರು ನಿಲ್ಲಿಸೋದು ಇನ್ನೂ ಅಪಾಯ, ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತೆ. ಜಾಕ್ ಸ್ಟ್ಯಾಂಡ್ ಕೊಳ್ಳಿ, ಮೊದಲ ಖರ್ಚು ಅದೇ ಆಗಲಿ. ಹಳೇ ಬ್ರೇಕ್ ಶೂ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಸ್ ಇರುತ್ತೆ, ಆ ಧೂಳನ್ನು ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಮಾಸ್ಕ್ ಹಾಕಿ. ಬ್ರೇಕಿನ ರಬ್ಬರಿಗೆ ಇಂಜಿನ್ ಆಯಿಲ್ ತಾಕಿಸಬೇಡಿ, ಉಬ್ಬುತ್ತೆ. ಬ್ರೇಕ್ ಆಯಿಲ್ಲೇ ಹಚ್ಚಬೇಕು.

ಇಂಜಿನ್ ತಿರುಗದೆ ಹಿಡಿದುಕೊಂಡಿದ್ದರೆ ಸೆಲ್ಫ್ ಹೊಡೆಯಬೇಡಿ. ಪ್ಲಗ್ ತೆಗೆದು, ನಾಲ್ಕೂ ತೂತಿಗೆ ಡೀಸೆಲ್ ಬಿಟ್ಟು, ಹತ್ತು ದಿನ ಕಾಯಿರಿ. ಆಮೇಲೆ ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ತಾಳ್ಮೆ ಇದ್ದರೆ ಬಿಡುತ್ತೆ.

ಈಗ ಬರೋ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕೆ ಮಾಡಿದ್ದಲ್ಲ, ಎಲ್ಲ ಬದಲಾಯಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಎಥನಾಲ್ ತಡೆಯೋ ಪೈಪು ಸಿಗುತ್ತೆ. ಪೆಟ್ರೋಲ್ ಟ್ಯಾಂಕಿಗೆ ತೂತು ಬಿದ್ದಿದ್ದರೆ ಖಾಲಿ ಇದೆ ಅಂತ ಮನೆಯಲ್ಲಿ ವೆಲ್ಡಿಂಗ್ ಮಾಡಬೇಡಿ. ಒಳಗಿನ ಆವಿ ಸಾಕು, ಸಿಡಿಯುತ್ತೆ.

ರೇಡಿಯೇಟರಿಗೆ ನಮ್ಮ ಬೋರ್‌ವೆಲ್ ನೀರು ಹಾಕಲೇಬೇಡಿ. ನಿಮ್ಮ ಮನೆ ಬಿಂದಿಗೆಯಲ್ಲಿ ಬಿಳೀ ಉಪ್ಪಿನ ಪದರ ಕಟ್ಟುತ್ತಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟುತ್ತೆ. ನಂದಿ ಬೆಟ್ಟ 1,478 ಮೀಟರ್, ಅರ್ಧ ಹತ್ತೋದರೊಳಗೆ ಕುದಿಯುತ್ತೆ. ಡಿಸ್ಟಿಲ್ಡ್ ನೀರು, ಕೂಲೆಂಟ್ ಹಾಕಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳೀರಿ. ಡ್ರಮ್ ಬ್ರೇಕ್ ಬಿಸಿಯಾದರೆ ಹಿಡಿಯೋದಿಲ್ಲ.

ಕಾಗದ ಪತ್ರ ಹೇಗೆ ಅಂತ ಬಹಳ ಜನ ಕೇಳ್ತಾರೆ. 15 ವರ್ಷ ದಾಟಿದ ಕಾರನ್ನು ಆರ್‌ಟಿಒ ಕಚೇರಿಗೆ ತೋರಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 50 ವರ್ಷ ದಾಟಿ ಮೂಲ ರೂಪದಲ್ಲೇ ಇದ್ದರೆ, 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಉಂಟು. ಆದರೆ ಅದರಲ್ಲಿ ದಿನಾ ಸಂತೆಗೆ ಹೋಗಿಬರೋ ಹಾಗಿಲ್ಲ.

ಬಣ್ಣದ ಬಗ್ಗೆ ಹೇಳೋಕೆ ಸಮಯ ಇಲ್ಲ. ಎಲ್ಲರೂ ಅದನ್ನೇ ಮೊದಲು ಕೇಳ್ತೀರಿ, ಅದು ಕೊನೆಯ ಕೆಲಸ. ಈ ಭಾನುವಾರ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಹಿಡಿದು ಟಾರ್ಪಾಲು ತೆಗೀರಿ. ಎಡಗಡೆ ಮುಂದಿನ ಚಕ್ರ ಬಿಚ್ಚಿ. ಬಲಗಡೆಯದನ್ನು ಮುಟ್ಟಬೇಡಿ, ಅದೇ ನಿಮ್ಮ ಪಠ್ಯಪುಸ್ತಕ.

ನಮಸ್ಕಾರ.