ಯುರೋಪಿನ ಲಿಂಕ್ಸ್: ಮೈತೂಕದ ಹಿಂದಿನ ಬೇಟೆ

ಅಧ್ಯಕ್ಷರೇ, ವನ್ಯಜೀವಿ ಸಪ್ತಾಹದ ಈ ಸಂಜೆ ಇಲ್ಲಿ ಸೇರಿರುವ ಸ್ನೇಹಿತರೇ,

ಬೆಕ್ಕಿನ ಕುಲದ ಕಾಡುಪ್ರಾಣಿಯಾದ ಲಿಂಕ್ಸ್ ಬಗ್ಗೆ ಎಲ್ಲಿ ಮಾತನಾಡಿದರೂ ಮೊದಲು ಬರುವ ಪ್ರಶ್ನೆ ಒಂದೇ: ಯಾವ ದೇಶದ ಲಿಂಕ್ಸ್ ಎಲ್ಲಕ್ಕಿಂತ ದೊಡ್ಡದು? ಕೇಳುವುದರಲ್ಲಿ ತಪ್ಪೇನೂ ಇಲ್ಲ, ಉತ್ತರವನ್ನೂ ಕೊಡುತ್ತೇನೆ. ಆದರೆ ತೂಕವನ್ನು ಬಹುಮಾನದಂತೆ ನೋಡುವ ಅಭ್ಯಾಸ ನಮ್ಮಲ್ಲಿ ಬೇರೂರಿಬಿಟ್ಟಿದೆ. ದೊಡ್ಡದು ಶ್ರೇಷ್ಠ, ಚಿಕ್ಕದು ಅದರ ಬಡ ಸೋದರ ಎಂಬ ಈ ಎಣಿಕೆ ಯುರೋಪಿನ ಚಿಕ್ಕ ಮೈಯ ಲಿಂಕ್ಸ್‌ಗಳಿಗೆ ನ್ಯಾಯ ಒದಗಿಸುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಇಂದು ಕಿಲೋಗ್ರಾಂಗಳ ಲೆಕ್ಕಕ್ಕೆ ಹೋಗುವ ಮೊದಲು, ಪ್ರತಿಯೊಂದು ಪ್ರದೇಶದಲ್ಲೂ ಈ ಪ್ರಾಣಿ ಏನನ್ನು ಕೊಂದು ತಿನ್ನುತ್ತದೆ ಎಂದು ಕೇಳೋಣ.

ಯುರೋಪಿನಲ್ಲಿರುವುದು ಎರಡು ಪ್ರಭೇದಗಳು ಎಂಬುದು ಇಲ್ಲಿರುವ ಬಹುಪಾಲು ಜನರಿಗೆ ಗೊತ್ತು. ಸ್ಕ್ಯಾಂಡಿನೇವಿಯಾದಿಂದ ಕಾರ್ಪೇಥಿಯನ್ ಬೆಟ್ಟಗಳವರೆಗೆ, ಆಲ್ಪ್ಸ್‌ನಿಂದ ಬಾಲ್ಕನ್‌ವರೆಗೆ ಇರುವುದು ಯುರೇಷಿಯನ್ ಲಿಂಕ್ಸ್. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಮಾತ್ರ ಉಳಿದಿರುವುದು ಐಬೀರಿಯನ್ ಲಿಂಕ್ಸ್. ಮೊದಲನೆಯದರ ವಯಸ್ಕ ಗಂಡು ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತದೆ, ಕೆಲವು ಅದನ್ನೂ ಮೀರುತ್ತವೆ. ಹೆಣ್ಣು ಅದಕ್ಕಿಂತ ಕೆಲವು ಕಿಲೋ ಹಗುರ. ಎರಡನೆಯದರ ಗಂಡು 12–13 ಕಿಲೋ, ಹೆಣ್ಣು 9–10 ಕಿಲೋ ಇದ್ದರೆ ಅದು ತುಂಬಿದ ಮೈಯೇ. ಅದೇ ಕಿವಿಯ ಕುಚ್ಚು, ಅದೇ ಕಪ್ಪು ತುದಿಯ ಮೊಂಡು ಬಾಲ, ಅದೇ ಗಲ್ಲದ ಗಡ್ಡ ಇದ್ದೂ ಒಂದರ ತೂಕ ಇನ್ನೊಂದರ ಅರ್ಧದಷ್ಟಿದೆ.

ಈ ಅರ್ಧದ ಕಾರಣ ಮೊಲದಲ್ಲಿದೆ. ಐಬೀರಿಯನ್ ಲಿಂಕ್ಸ್‌ನ ಆಹಾರದಲ್ಲಿ ಶೇ. 80ಕ್ಕಿಂತ ಹೆಚ್ಚು ಪಾಲು ಬಿಲದಲ್ಲಿ ವಾಸಿಸುವ ಯುರೋಪಿಯನ್ ಮೊಲದ್ದು. ಒಂದು ಕಿಲೋ ಆಸುಪಾಸಿನ ಮೊಲವೊಂದು ಅದರ ಒಂದು ದಿನದ ಊಟ. ಮರಿಗಳಿರುವ ತಾಯಿಗೆ ದಿನಕ್ಕೆ ಮೂರರಷ್ಟು ಬೇಕಾಗುತ್ತದೆ. ಪೊದೆಗಳ ನಡುವೆ ನುಸುಳಿ, ಗವಕ್ಕನೆ ನೆಗೆದು ಮೊಲ ಹಿಡಿಯುವ ಪ್ರಾಣಿಗೆ 25 ಕಿಲೋ ದೇಹ ಬರೀ ಹೊರೆ, ಏಕೆಂದರೆ ಅದನ್ನು ಸಾಕಲು ದಿನವೂ ಇನ್ನಷ್ಟು ಮೊಲಗಳನ್ನು ಹಿಡಿಯಬೇಕಾಗುತ್ತದೆ. ಯುರೇಷಿಯನ್ ಲಿಂಕ್ಸ್‌ನ ಕಸುಬೇ ಬೇರೆ. ಮಧ್ಯ ಯುರೋಪಿನಲ್ಲಿ ಅದು ತನ್ನಷ್ಟೇ ತೂಕದ ರೋ ಜಿಂಕೆಯನ್ನು, ಆಲ್ಪ್ಸ್‌ನಲ್ಲಿ ಶಾಮ್ವಾ ಎಂಬ ಬೆಟ್ಟದ ಮೇಕೆಯಂಥ ಪ್ರಾಣಿಯನ್ನು, ಉತ್ತರದಲ್ಲಿ ಸಾಮಿ ಜನರು ಸಾಕುವ ಹಿಮಸಾರಂಗಗಳನ್ನು ಹಿಡಿಯುತ್ತದೆ. ಗಂಟಲಿಗೆ ಬಾಯಿ ಹಾಕಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಮೊದಲು ತೊಡೆಯ ಮಾಂಸ ತಿನ್ನುತ್ತದೆ. ಉಳಿದದ್ದರ ಮೇಲೆ ಎಲೆಯನ್ನೋ ಹಿಮವನ್ನೋ ಕೆರೆದು ಮುಚ್ಚಿ, ರಾತ್ರಿ ರಾತ್ರಿ ಮರಳಿ ಬಂದು ಮುಗಿಸುತ್ತದೆ. ಹೀಗೆ ವಾರಕ್ಕೆ ಸುಮಾರು ಒಂದು ಗೊರಸಿನ ಪ್ರಾಣಿ ಸಾಕು. ಇಂಥ ಬೇಟೆಗೆ ಭುಜದ ಬಲ ಬೇಕು, ಒದ್ದಾಡುವ ಜಿಂಕೆಯನ್ನು ಹಿಡಿದು ನಿಲ್ಲುವ ಭಾರ ಬೇಕು.

ಅಟ್ಲಾಂಟಿಕ್‌ನ ಆಚೆ ನೋಡಿದರೂ ಇದೇ ಮಾತು ನಿಜವಾಗುತ್ತದೆ. ಕೆನಡಾ ಲಿಂಕ್ಸ್ ವಾಸಿಸುವುದು ಕೊರೆಯುವ ಚಳಿಯ ಕಾಡಿನಲ್ಲಿ. ಆದರೂ ಅದರ ತೂಕ ಸುಮಾರು 10 ಕಿಲೋ ಮಾತ್ರ, ಏಕೆಂದರೆ ಅದು ಬದುಕಿರುವುದು ಹಿಮಮೊಲಗಳ ಮೇಲೆ. ಚಳಿ ಹೆಚ್ಚಾದಷ್ಟೂ ಪ್ರಾಣಿಯ ಮೈ ದೊಡ್ಡದಾಗುತ್ತದೆ ಎಂದು 1847ರಲ್ಲಿ ಕಾರ್ಲ್ ಬರ್ಗ್‌ಮನ್ ಹೇಳಿದ ನಿಯಮವನ್ನು ನಾವೆಲ್ಲ ಕಾಲೇಜಿನಲ್ಲಿ ಓದಿದ್ದೇವೆ. ಲಿಂಕ್ಸ್ ವಿಷಯದಲ್ಲಿ ಅದು ಅರ್ಧ ದಾರಿಗೂ ಬರುವುದಿಲ್ಲ. ಆ ನಿಯಮದಂತೆ ನಾರ್ವೆ, ಸ್ವೀಡನ್‌ಗಳ ಲಿಂಕ್ಸ್ ಯುರೋಪಿನಲ್ಲೇ ಅತಿ ದೊಡ್ಡದಾಗಬೇಕಿತ್ತು. ಆದರೆ ಅಲ್ಲಿಂದ ಬಹಳ ದಕ್ಷಿಣಕ್ಕೆ, ಸ್ಲೊವಾಕಿಯಾ ಮತ್ತು ರೊಮೇನಿಯಾದ ಕಾರ್ಪೇಥಿಯನ್ ಕಾಡುಗಳಲ್ಲಿರುವ ಗಂಡುಗಳು ಅವಕ್ಕೆ ಸರಿಸಮ. ಹಲವು ಸಲ ಅವುಗಳಿಗಿಂತ ಹೆಚ್ಚು ತೂಗುತ್ತವೆ. ಆರಂಭದ ಪ್ರಶ್ನೆಗೆ ಉತ್ತರ ಬೇಕಿದ್ದವರು ಈ ಕಾರ್ಪೇಥಿಯನ್ ಲಿಂಕ್ಸ್ ಹೆಸರನ್ನು ಬರೆದುಕೊಳ್ಳಬಹುದು. 1963ರಲ್ಲಿ ಕ್ರಾಟೊಖ್ವಿಲ್ ಮತ್ತು ಶ್ಟೊಲ್‌ಮನ್ ಇದನ್ನು ಪ್ರತ್ಯೇಕ ಉಪಪ್ರಭೇದವಾಗಿ ವಿವರಿಸಿದರು. ಮೈಮೇಲೆ ದಟ್ಟವಾದ ಚುಕ್ಕೆಗಳು ಇದರ ಲಕ್ಷಣ. ಉತ್ತರದವುಗಳಲ್ಲಿ ಚುಕ್ಕೆ ಮಸುಕು, ಕೆಲವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಬೇಟೆಯೊಂದರಿಂದಲೇ ಎಲ್ಲವನ್ನೂ ವಿವರಿಸಬಹುದೆಂದು ನಾನು ಹೇಳುತ್ತಿಲ್ಲ. ಫಿನ್ಲೆಂಡ್‌ನ ನೈಋತ್ಯ ಭಾಗದಲ್ಲಿ ಲಿಂಕ್ಸ್ ತಿನ್ನುವುದು ಬಿಳಿಬಾಲದ ಜಿಂಕೆಯನ್ನು, ಅದೂ 1934ರಲ್ಲಿ ಅಮೆರಿಕದಿಂದ ತಂದುಬಿಟ್ಟ ಜಿಂಕೆಗಳ ಸಂತತಿಯನ್ನು; ಜಿಂಕೆ ವಿರಳವಾದ ಪೂರ್ವ ಭಾಗದಲ್ಲಿ ಅದರ ಮುಖ್ಯ ಆಹಾರ ಕಾಡುಮೊಲ. ಹಾಗೆಂದು ಪೂರ್ವದ ಲಿಂಕ್ಸ್ ಐಬೀರಿಯನ್ ಲಿಂಕ್ಸ್‌ನಷ್ಟು ಕುಗ್ಗಿಲ್ಲ. ಮೈಯಳತೆ ಸಾವಿರಾರು ತಲೆಮಾರುಗಳಲ್ಲಿ ನಿಲ್ಲುವಂಥದ್ದು. ಒಂದೆರಡು ಶತಮಾನದ ಆಹಾರ ಅದನ್ನು ಅಲುಗಾಡಿಸಲಾರದು. ಬೇಟೆಯ ಅಭಾವ ಬೇಗ ಕಾಣಿಸಿಕೊಳ್ಳುವುದು ಓಡಾಟದ ವ್ಯಾಪ್ತಿಯಲ್ಲಿ: ಸ್ವಿಟ್ಜರ್ಲೆಂಡ್‌ನ ಯೂರಾ ಬೆಟ್ಟಗಳ ಗಂಡಿಗೆ ಇನ್ನೂರು–ಮುನ್ನೂರು ಚದರ ಕಿಲೋಮೀಟರ್ ಸಾಕಾದರೆ, ಬೇಟೆ ವಿರಳವಾದ ನಾರ್ವೆಯ ಕಾಡುಗಳಲ್ಲಿ ಅದು ಸಾವಿರವನ್ನೂ ದಾಟುತ್ತದೆ.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 2002ರ ಹೊತ್ತಿಗೆ ಸ್ಪೇನ್‌ನಲ್ಲಿ ಉಳಿದಿದ್ದ ಐಬೀರಿಯನ್ ಲಿಂಕ್ಸ್ ನೂರಕ್ಕೂ ಕಡಿಮೆ. ಅವೂ ಡೊನ್ಯಾನಾ ಮತ್ತು ಸಿಯೆರಾ ಮೊರೆನಾ ಎಂಬ ಎರಡೇ ಕಡೆ. ಡೊನ್ಯಾನಾದ ಎಲ್ ಅಸೆಬುಚೆ ಸಂತಾನವೃದ್ಧಿ ಕೇಂದ್ರದಲ್ಲಿ 2005ರ ಮಾರ್ಚ್‌ನಲ್ಲಿ ಸಾಲಿಯೆಗಾ ಎಂಬ ಹೆಣ್ಣು ಮೂರು ಮರಿ ಹಾಕಿತು. ಬಂಧನದಲ್ಲಿ ಈ ಪ್ರಭೇದದ ಮೊದಲ ಹೆರಿಗೆ ಅದು. ಕ್ಯಾಮೆರಾಗಳ ಮೂಲಕ ಹಗಲಿರುಳು ಕಾವಲು ಕುಳಿತಿದ್ದವರ ಸಂತೋಷವನ್ನು ನೀವೇ ಊಹಿಸಿಕೊಳ್ಳಿ. ಮರಿಗಳಿಗೆ ಆರು ವಾರ ತುಂಬುವ ಹೊತ್ತಿಗೆ, ಅಲ್ಲಿಯವರೆಗೆ ಒಂದರ ಮೇಲೊಂದು ಬಿದ್ದು ಆಡುತ್ತಿದ್ದ ಅವುಗಳಲ್ಲಿ ಎರಡು ಇದ್ದಕ್ಕಿದ್ದಂತೆ ಕಾದಾಡತೊಡಗಿದವು. ತಾಯಿ ನಡುವೆ ನುಗ್ಗಿ ಬಿಡಿಸಲು ಹೆಣಗಿತು. ಆದರೂ ಒಂದು ಮರಿ ಸತ್ತೇಹೋಯಿತು. ಸಾಕಣೆಯಲ್ಲಿ ಏನೋ ಲೋಪವಾಯಿತೇ, ತಾಯಿಗೆ ಏನಾದರೂ ತೊಂದರೆಯಾಯಿತೇ ಎಂಬ ಕಳವಳ ಹುಟ್ಟಿತು. ಉತ್ತರ ಬಂದದ್ದು ರಷ್ಯಾದಿಂದ. ಅಲ್ಲಿ ಸೆರ್ಗೇಯ್ ನಯ್‌ದೆಂಕೊ ವರ್ಷಗಳಿಂದ ಯುರೇಷಿಯನ್ ಲಿಂಕ್ಸ್ ಮರಿಗಳನ್ನು ಗಮನಿಸುತ್ತಿದ್ದರು. ಅದೇ ವಯಸ್ಸಿನಲ್ಲಿ, ಅದೇ ರೀತಿ ಏಕಾಏಕಿ ಜಗಳ ಹುಟ್ಟುವುದನ್ನು ಅವರು ಮತ್ತೆ ಮತ್ತೆ ಕಂಡಿದ್ದರು. ಅದು ಸಾಕಿದವರ ತಪ್ಪಲ್ಲ, ಲಿಂಕ್ಸ್‌ನ ಸ್ವಭಾವ. ಮುಂದಿನ ಹೆರಿಗೆಗಳಲ್ಲಿ ಆ ಕೆಲವು ವಾರ ಮರಿಗಳ ಮೇಲೆ ಕಣ್ಣಿಟ್ಟು, ಕಾದಾಟ ಕಂಡೊಡನೆ ಬೇರ್ಪಡಿಸುವುದು ರೂಢಿಯಾಯಿತು.

ಈ ಪ್ರಸಂಗವನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಜಿಂಕೆ ಕೊಲ್ಲುವ ದೊಡ್ಡ ಲಿಂಕ್ಸ್‌ನ ಮರಿಗೂ, ಮೊಲ ಹಿಡಿಯುವ ಚಿಕ್ಕ ಲಿಂಕ್ಸ್‌ನ ಮರಿಗೂ ಆರನೆಯ ವಾರದಲ್ಲಿ ಬರುವ ಸಿಟ್ಟು ಒಂದೇ. ವಂಶ ಕೊಟ್ಟದ್ದು ಇಬ್ಬರಲ್ಲೂ ಉಳಿದಿದೆ. ಬೇಟೆ ಕೇಳಿದ್ದು ಮಾತ್ರ ಬದಲಾಗಿದೆ. ಚಿಕ್ಕದು ದೊಡ್ಡದರ ಕುಗ್ಗಿದ ರೂಪ ಅಲ್ಲವೇ ಅಲ್ಲ, ಅದು ಮೊಲದ ನಾಡಿಗೆ ಹೇಳಿ ಮಾಡಿಸಿದ ಬೆಕ್ಕು.

ಹಾಗಾಗಿಯೇ ಮೊಲ ಸತ್ತಾಗ ಅದೂ ಸತ್ತಿತು. 1952ರಲ್ಲಿ ಫ್ರಾನ್ಸ್‌ನಲ್ಲಿ ವೈದ್ಯರೊಬ್ಬರು ತಮ್ಮ ಎಸ್ಟೇಟಿನ ಮೊಲಗಳ ಕಾಟ ತಪ್ಪಿಸಲು ಮೊಲಗಳನ್ನು ಕೊಲ್ಲುವ ಮಿಕ್ಸೊಮಟೋಸಿಸ್ ರೋಗದ ವೈರಾಣುವನ್ನು ಬಿಟ್ಟರು. ರೋಗ ಗಡಿ ದಾಟಿ ಐಬೀರಿಯಾ ಸೇರಿತು. 1980ರ ದಶಕದ ಕೊನೆಗೆ ರಕ್ತಸ್ರಾವದ ಇನ್ನೊಂದು ವೈರಾಣು ರೋಗ ಅಳಿದುಳಿದ ಮೊಲಗಳನ್ನೂ ಬಡಿಯಿತು. ಅಲ್ಲಿ ಜಿಂಕೆಗಳಿದ್ದವು, ಆದರೆ 12 ಕಿಲೋದ ಪ್ರಾಣಿ ರಾತ್ರೋರಾತ್ರಿ ಜಿಂಕೆಯ ಬೇಟೆಗಾರನಾಗಲಾರದು. ಇಂದು ಅದು ಚೇತರಿಸಿಕೊಂಡಿದೆ: 2023ರ ಗಣತಿಯಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಸೇರಿ ಎರಡು ಸಾವಿರ ದಾಟಿತು, 2024ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅದನ್ನು ‘ಅಳಿವಿನಂಚಿನ’ ವರ್ಗದಿಂದ ಕಡಿಮೆ ಅಪಾಯದ ವರ್ಗಕ್ಕೆ ಇಳಿಸಿತು. ಇದರ ಶ್ರೇಯದಲ್ಲಿ ಬಂಧನದಲ್ಲಿ ಮರಿ ಮಾಡಿಸಿದವರಿಗೆ ಎಷ್ಟು ಪಾಲಿದೆಯೋ, ತೋಟ–ಹುಲ್ಲುಗಾವಲುಗಳಲ್ಲಿ ಮೊಲಗಳಿಗೆ ಬಿಲದ ಆಸರೆ ಕಟ್ಟಿಕೊಟ್ಟವರಿಗೂ ಅಷ್ಟೇ ಪಾಲಿದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಸ್ವಿಟ್ಜರ್ಲೆಂಡ್‌ನಲ್ಲಿ 1971ರಲ್ಲಿ ಲಿಂಕ್ಸ್‌ಗಳನ್ನು ಮರಳಿ ಕಾಡಿಗೆ ಬಿಟ್ಟದ್ದು, ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕಥೆ ಎಲ್ಲವನ್ನೂ ಬಿಟ್ಟು, ಎರಡು ವಿಷಯ ಮಾತ್ರ ಹೇಳುತ್ತೇನೆ.

ಒಂದು, ಸ್ಲೊವೇನಿಯಾ. 1973ರಲ್ಲಿ ಸ್ಲೊವಾಕಿಯಾದಿಂದ ತಂದ ಆರು ಲಿಂಕ್ಸ್‌ಗಳನ್ನು ಕೊಚೆವ್ಯೆ ಕಾಡಿನಲ್ಲಿ ಬಿಟ್ಟರು. ದಷ್ಟಪುಷ್ಟ ಪ್ರಾಣಿಗಳು, ಅವುಗಳ ಸಂತತಿ ಕ್ರೊಯೇಷಿಯಾ, ಬೊಸ್ನಿಯಾಗಳಿಗೂ ಹಬ್ಬಿತು. ಆದರೆ ಎಲ್ಲವೂ ಆ ಆರರ ಮಕ್ಕಳು ಮೊಮ್ಮಕ್ಕಳೇ ಆದ್ದರಿಂದ ರಕ್ತಸಂಬಂಧದ ದೋಷ ಹೆಚ್ಚುತ್ತಾ ಹೋಗಿ, 2019ರಿಂದ ರೊಮೇನಿಯಾ ಮತ್ತು ಸ್ಲೊವಾಕಿಯಾದಿಂದ ಹೊಸ ಲಿಂಕ್ಸ್ ತಂದು ಬಿಡಬೇಕಾಯಿತು. ಮೈ ದೊಡ್ಡದಿದ್ದ ಮಾತ್ರಕ್ಕೆ ಕುಲ ಗಟ್ಟಿಯಾಗಿರುವುದಿಲ್ಲ.

ಇನ್ನೊಂದು, ಬಾಲ್ಕನ್ ಲಿಂಕ್ಸ್. 1941ರಲ್ಲಿ ಬಲ್ಗೇರಿಯಾದ ಇವಾನ್ ಬುರೆಶ್ ವಿವರಿಸಿದ ಈ ಉಪಪ್ರಭೇದ ಯುರೇಷಿಯನ್ ಲಿಂಕ್ಸ್‌ಗಳಲ್ಲೇ ಚಿಕ್ಕ ಮೈಯದು. ಉತ್ತರ ಮ್ಯಾಸಿಡೋನಿಯಾದ ಮಾವ್ರೊವೊ, ಅಲ್ಬೇನಿಯಾದ ಮುನೆಲ್ಲಾ ಬೆಟ್ಟಗಳಲ್ಲಿ ಉಳಿದಿರುವ ವಯಸ್ಕ ಪ್ರಾಣಿಗಳು ಐವತ್ತಕ್ಕಿಂತ ಕಡಿಮೆ. ಮ್ಯಾಸಿಡೋನಿಯಾದ ಐದು ದೆನಾರ್ ನಾಣ್ಯದ ಮೇಲೆ ಇದರ ಚಿತ್ರವಿದೆ. ಕಾಡಿನಲ್ಲಿ ಇದಕ್ಕೆ ಬೇಕಾದ ರೋ ಜಿಂಕೆ, ಶಾಮ್ವಾಗಳು ಕಳ್ಳಬೇಟೆಗೆ ಬಲಿಯಾಗುತ್ತಿವೆ. ದೊಡ್ಡ ಕಾರ್ಪೇಥಿಯನ್ ಲಿಂಕ್ಸ್‌ಗಳನ್ನು ತಂದು ಬಿಟ್ಟರೆ ಕೊರತೆ ತುಂಬೀತು ಎನ್ನುವವರಿಗೆ ನಾನು ಕೇಳುವುದು ಅದೇ ಹಳೆಯ ಪ್ರಶ್ನೆ: ತಂದು ಬಿಟ್ಟದ್ದು ಅಲ್ಲಿ ಏನನ್ನು ತಿನ್ನಬೇಕು? ಮೊದಲು ಆ ಬೆಟ್ಟಗಳಲ್ಲಿ ಬಂದೂಕಿನ ಸದ್ದು ನಿಲ್ಲಿಸಿ, ಜಿಂಕೆಗಳು ಮರಳಲು ಬಿಡಬೇಕು. ಅಲ್ಲಿಯ ಚಿಕ್ಕ ಲಿಂಕ್ಸ್‌ಗೆ ತನ್ನ ನೆಲದಲ್ಲೇ ಹೆಚ್ಚುವ ಅವಕಾಶ ಕೊಡಬೇಕು. ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಮೈಮೇಲಿನ ಚುಕ್ಕೆ ನೋಡಿ ಒಂದೊಂದನ್ನೂ ಹೇಗೆ ಗುರುತಿಸುತ್ತಾರೆ ಎಂಬುದನ್ನು ಪ್ರಶ್ನೋತ್ತರದ ಹೊತ್ತಿನಲ್ಲಿ ಚಿತ್ರಗಳೊಂದಿಗೆ ತೋರಿಸುತ್ತೇನೆ.